ಮನೆಯ ಕಂಪ್ಯೂಟರಿನಲ್ಲಿ ಜಿಗ್ಸಾ: ಪರದೆಗೆ ತಕ್ಕ ಚಿತ್ರ, ಚಿತ್ರಕ್ಕೆ ತಕ್ಕ ತುಣುಕು

ಜಿಗ್ಸಾ ಎಂದರೆ ತುಣುಕು ತುಣುಕಾಗಿ ಕತ್ತರಿಸಿದ ಚಿತ್ರವನ್ನು ಮತ್ತೆ ಜೋಡಿಸುವ ಆಟ. ಕಂಪ್ಯೂಟರಿನಲ್ಲಿ ಅದನ್ನು ಜೋಡಿಸಲು ಯಾವ ತಂತ್ರಾಂಶ ಒಳ್ಳೆಯದು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೂ ಕೆಲವು ಪ್ರಶ್ನೆಗಳು ಬರುತ್ತವೆ. ಹಣ ಕೊಡಬೇಕೆ? ವೈರಸ್ ಬರುತ್ತದೆಯೆ? ನಿವೃತ್ತರಾದ ತಂದೆತಾಯಿಗೆ ಹಾಕಿಕೊಡಬಹುದೆ? ಆಸೆಯಿಂದ ಶುರು ಮಾಡಿದವರಿಗೂ ಸ್ವಲ್ಪ ಹೊತ್ತಿನಲ್ಲೇ ಬೇಸರ ಬರುವುದೇಕೆ?

ಕೊನೆಯ ಪ್ರಶ್ನೆಯಿಂದಲೇ ಹೊರಡುತ್ತೇನೆ, ಏಕೆಂದರೆ ಉಳಿದವುಗಳ ಉತ್ತರ ಅದರಲ್ಲಿದೆ. ಬೇಸರಕ್ಕೆ ತಂತ್ರಾಂಶ ಕಾರಣವಾಗುವುದು ಕಡಿಮೆ. ಸಣ್ಣ ಪರದೆಗೆ ಹೊರಲಾರದಷ್ಟು ತುಣುಕು ಹೇರಿರುತ್ತೇವೆ, ಇಲ್ಲವೆ ಜೋಡಿಸಲು ಒಗ್ಗದ ಚಿತ್ರ ಆರಿಸಿರುತ್ತೇವೆ. ಈ ಎರಡನ್ನು ಸರಿಮಾಡಿಕೊಂಡರೆ ಯಾವ ಉಚಿತ ತಂತ್ರಾಂಶದಲ್ಲೂ ಸೊಗಸಾಗಿ ಕಾಲ ಕಳೆಯಬಹುದು. ಆದ್ದರಿಂದ ಈ ಬರಹದಲ್ಲಿ ತಂತ್ರಾಂಶ ನಾಲ್ಕನೆಯ ಹಂತಕ್ಕೆ ಬರುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಬ್ರೌಸರ್ ಸರಾಗವಾಗಿ ಓಡುವ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಇಂಟರ್ನೆಟ್, ಮತ್ತು ಒಂದು ಮೌಸ್. ಮೌಸ್ ಇಲ್ಲದೆ ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲೇ ಜೋಡಿಸಲು ಹೊರಡಬೇಡಿ. ಜಿಗ್ಸಾ ಎಂದರೆ ನೂರಾರು ಬಾರಿ ತುಣುಕನ್ನು ಹಿಡಿದು ಎಳೆದು ಬಿಡುವ ಕೆಲಸ. ಟಚ್‌ಪ್ಯಾಡಿನಲ್ಲಿ ಅದನ್ನು ಮಾಡಿದರೆ ಬೆರಳು, ಮಣಿಕಟ್ಟು ಎರಡೂ ನೋಯುತ್ತವೆ. ಸಾಧಾರಣ ಬೆಲೆಯ ಮೌಸ್ ಸಾಕು.

1. ಮೊದಲು ಪರದೆಯ ಲೆಕ್ಕ ಹಾಕಿ

ರಟ್ಟಿನ ಜಿಗ್ಸಾಗೂ ಕಂಪ್ಯೂಟರಿನ ಜಿಗ್ಸಾಗೂ ಇರುವ ದೊಡ್ಡ ವ್ಯತ್ಯಾಸ ಜಾಗದ್ದು. ರಟ್ಟಿನದಾದರೆ ತುಣುಕಿನ ಗಾತ್ರ ಬದಲಾಗುವುದಿಲ್ಲ, ಸಂಖ್ಯೆ ಹೆಚ್ಚಿದಷ್ಟೂ ಮೇಜು ದೊಡ್ಡದಿರಬೇಕು ಅಷ್ಟೆ. ಕಂಪ್ಯೂಟರಿನಲ್ಲಿ ಮೇಜು, ಅಂದರೆ ಪರದೆ, ಇದ್ದಷ್ಟೇ ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ತುಣುಕು ಕುಗ್ಗುತ್ತದೆ.

ಎಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಬಹುದು. ಪರದೆ ಪಿಕ್ಸೆಲ್ ಎಂಬ ಪುಟ್ಟ ಪುಟ್ಟ ಚುಕ್ಕಿಗಳಿಂದ ಆಗಿರುತ್ತದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳಿರುತ್ತವೆ. ಜೋಡಿಸುವ ಚಿತ್ರಕ್ಕೆ ಪರದೆಯ ಅರ್ಧ ಜಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ, ಉಳಿದರ್ಧ ಬಿಡಿ ತುಣುಕುಗಳನ್ನು ಹರಡಲು ಬೇಕು. ಹಾಗೆ ನೋಡಿದರೆ 15.6 ಇಂಚಿನ ಇಂಥ ಪರದೆಯಲ್ಲಿ 100 ತುಣುಕಿನ ಚಿತ್ರ ಹಾಕಿದಾಗ ಒಂದೊಂದು ತುಣುಕೂ ಸುಮಾರು 72 ಪಿಕ್ಸೆಲ್ ಅಗಲ, ಅಂದರೆ 1.8 ಸೆಂಟಿಮೀಟರ್ ಇರುತ್ತದೆ. ಕಣ್ಣಿಗೆ ಹಿತವಾದ ಗಾತ್ರ. ಅದೇ ಪರದೆಯಲ್ಲಿ 300 ತುಣುಕು ಹಾಕಿದರೆ ಒಂದೊಂದೂ 42 ಪಿಕ್ಸೆಲ್, ಬರೀ ಒಂದು ಸೆಂಟಿಮೀಟರ್. ಹೂವೋ ಎಲೆಯೋ ಎಂದು ಗುರುತಿಸಲು ಕಣ್ಣು ಕಿರಿದು ಮಾಡಬೇಕಾಗುತ್ತದೆ. 24 ಇಂಚಿನ, 1920 ಅಡ್ಡ 1080 ಪಿಕ್ಸೆಲಿನ ಮಾನಿಟರ್ ಇದ್ದವರಿಗೆ 300 ತುಣುಕೂ 1.6 ಸೆಂಟಿಮೀಟರ್ ಅಗಲಕ್ಕೆ ಸಿಗುತ್ತದೆ. ಅಂಥ ಪರದೆಯಲ್ಲಿ ಆರಾಮವಾಗಿ ಜೋಡಿಸಬಹುದು.

ನನ್ನ ಸಲಹೆ ಇದು: ಲ್ಯಾಪ್‌ಟಾಪಿನಲ್ಲಿ 60ರಿಂದ 120, ದೊಡ್ಡ ಮಾನಿಟರಿನಲ್ಲಿ 150ರಿಂದ 300. ಮೊದಲ ಸಲ ಕೂರುವ ಹಿರಿಯರಿಗೂ ಮಕ್ಕಳಿಗೂ 24ರಿಂದ 48 ಸಾಕು. ಸಾವಿರ ತುಣುಕಿನ ಆಸೆ ಇದ್ದವರು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವ ಸೌಲಭ್ಯವಿರುವ ತಂತ್ರಾಂಶದಲ್ಲೇ ಮಾಡಬೇಕು. ಆಗ ಪರದೆಯ ಆಚೆಗೂ ಮೇಜು ಚಾಚಿಕೊಳ್ಳುತ್ತದೆ. ಕಾಣದ ಮೂಲೆಯಲ್ಲಿ ಏನಿದೆ ಎಂಬುದನ್ನು ಮಾತ್ರ ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

2. ಜೋಡಿಸಲು ಒಗ್ಗುವ ಚಿತ್ರ ಆರಿಸಿ

ನೋಡಲು ಚೆಂದದ ಚಿತ್ರವೆಲ್ಲ ಜೋಡಿಸಲು ಚೆಂದವಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಮಳೆಗಾಲದ ಜೋಗವನ್ನು ತೆಗೆದುಕೊಳ್ಳಿ. ಚಿತ್ರದ ಅರ್ಧ ಭಾಗ ನೊರೆ ಮತ್ತು ಮಂಜು. 100 ತುಣುಕಿನಲ್ಲಿ ಸುಮಾರು 50 ತುಣುಕು ಒಂದೇ ಬಿಳುಪು. ಅವುಗಳನ್ನು ಜೋಡಿಸುವಾಗ ಕಣ್ಣಿಗೆ ಕೆಲಸವಿಲ್ಲ, ಒಂದಾದ ಮೇಲೊಂದು ತಂದು ತಾಗಿಸಿ ನೋಡುವ ಗೋಳು ಮಾತ್ರ. ನೀರು ಇಳಿದು ಬಂಡೆಯ ಪದರಗಳು ಕಾಣುವ ಕಾಲದ ಜೋಗವಾದರೆ ಬಹಳ ಸೊಗಸು. ದೀಪ ಹತ್ತಿಸಿದ ಮೈಸೂರು ಅರಮನೆಯದು ಬೇರೆ ತೊಡಕು. ಮೇಲೆ ಕಪ್ಪು ಆಕಾಶ, ಕೆಳಗೆ ಒಂದರಂತೆ ಒಂದು ಕಮಾನು. ಎಡಕ್ಕಿರುವುದೇ ಬಲಕ್ಕೂ ಇರುತ್ತದೆ. ಹಗಲಿನ ಅರಮನೆಯಲ್ಲಿ ಬಿಸಿಲು ಒಂದು ಕಡೆಯಿಂದ ಬೀಳುವುದರಿಂದ ನೆರಳು ನೋಡಿ ಎಡ ಬಲ ಹೇಳಬಹುದು. ರಾತ್ರಿ ದೀಪದ ಸಾಲಿನಲ್ಲಿ ಆ ಸುಳಿವೂ ಇಲ್ಲ. ಹಂಪಿಯ ಕಲ್ಲಿನ ರಥ ಇವೆರಡರ ನಡುವೆ ನಿಲ್ಲುತ್ತದೆ: ಬಣ್ಣ ಒಂದೇ ಆದರೂ ಕೆತ್ತನೆಯ ಗೆರೆಗಳು ದಾರಿ ತೋರಿಸುತ್ತವೆ. ತುಣುಕಿನ ಸಂಖ್ಯೆ ಇಳಿಸಿದರೆ ಅದು ಒಳ್ಳೆಯ ಅಭ್ಯಾಸ.

ಹಾಗಾದರೆ ಒಗ್ಗುವ ಚಿತ್ರ ಯಾವುದು? ಚಿತ್ರದ ಯಾವ ಮೂಲೆಯ ಮೇಲೆ ಬೆರಳಿಟ್ಟರೂ ಅಲ್ಲಿ ಬೇರೆಯದೇ ಏನಾದರೂ ಇರಬೇಕು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಗಳು, ಸಂತೆಯ ತರಕಾರಿ ಸಾಲು, ಚನ್ನಪಟ್ಟಣದ ಗೊಂಬೆ ಅಂಗಡಿ, ಪುಸ್ತಕದ ಕಪಾಟು, ಯಕ್ಷಗಾನದ ವೇಷ ಇವೆಲ್ಲ ಒಗ್ಗುತ್ತವೆ. ಎಲ್ಲಕ್ಕಿಂತ ನಾನು ಹೆಚ್ಚಾಗಿ ಹೇಳುವುದು ನಿಮ್ಮದೇ ಮನೆಯ ನವರಾತ್ರಿಯ ಗೊಂಬೆ ಕೂರಿಸಿದ ಫೋಟೊ. ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ ಗೊಂಬೆ, ಒಂದೊಂದಕ್ಕೂ ಒಂದು ಬಣ್ಣ, ಮೇಲೆ ಪಟ್ಟದ ಗೊಂಬೆ. ಜಿಗ್ಸಾಗೆಂದೇ ಜೋಡಿಸಿಟ್ಟ ಹಾಗಿರುತ್ತದೆ.

ಸ್ವಂತ ಫೋಟೊ ತೆಗೆಯುವಾಗ ಮೊಬೈಲಿನ ಪೋರ್ಟ್ರೇಟ್ ಮೋಡ್ ಬೇಡ. ಅದು ಹಿನ್ನೆಲೆಯನ್ನು ಬೇಕೆಂದೇ ಮಸುಕು ಮಾಡುತ್ತದೆ, ಆ ಮಸುಕೆಲ್ಲ ಗುರುತು ಸಿಗದ ತುಣುಕುಗಳಾಗುತ್ತವೆ. ಮೆಟ್ಟಿಲಿಗೆ ಹಾಸಿದ ಬಿಳಿ ಬಟ್ಟೆ ಹೆಚ್ಚು ಕಾಣುತ್ತಿದ್ದರೆ ಫೋಟೊವನ್ನು ಸುತ್ತಲೂ ಕತ್ತರಿಸಿ ಗೊಂಬೆಗಳಷ್ಟನ್ನೇ ಉಳಿಸಿಕೊಳ್ಳಿ.

ಮಕ್ಕಳಿಗೆ ನಕ್ಷೆ ಕೊಡಿ. ಜಿಗ್ಸಾ ಹುಟ್ಟಿದ್ದೇ ಹಾಗೆ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆಗಾರ ನಕ್ಷೆಗಳನ್ನು ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರಿದ. ಜಿಲ್ಲೆಗೊಂದು ಬಣ್ಣ ಹಚ್ಚಿದ ಕರ್ನಾಟಕದ ನಕ್ಷೆಯನ್ನು 48 ತುಣುಕು ಮಾಡಿಕೊಟ್ಟರೆ ಯಾದಗಿರಿಯ ಪಕ್ಕ ಯಾವುದು, ಕೊಡಗಿನ ಮೇಲೆ ಯಾವುದು ಎಂದು ಮಕ್ಕಳು ತಾವೇ ಹುಡುಕುತ್ತಾರೆ. ನಕ್ಷೆಯಲ್ಲಿ 31 ಜಿಲ್ಲೆಗಳಿವೆಯೇ ಎಂದು ಮೊದಲು ಎಣಿಸಿಕೊಳ್ಳಿ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗುವ ಮುಂಚಿನ, 30 ಜಿಲ್ಲೆಯ ನಕ್ಷೆಗಳು ಇಂಟರ್ನೆಟ್ಟಿನಲ್ಲಿ ಇನ್ನೂ ಓಡಾಡುತ್ತಿವೆ.

ಸ್ವಂತ ಫೋಟೊ ಬೇಡವೆಂದರೆ ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರದಲ್ಲಿ ಹುಡುಕಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಿಂದ ತನ್ನಲ್ಲಿರುವ, ಕೃತಿಸ್ವಾಮ್ಯದ ಹಕ್ಕು ಮುಗಿದ ಕಲಾಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿದೆ. ರಾಜಾ ರವಿವರ್ಮ 1906ರಲ್ಲಿ ತೀರಿಕೊಂಡವರು. ನಮ್ಮ ಕಾನೂನಿನಂತೆ ಕಲಾವಿದ ತೀರಿಕೊಂಡ 60 ವರ್ಷಗಳ ಬಳಿಕ ಹಕ್ಕು ಮುಗಿಯುವುದರಿಂದ ಅವರ ಚಿತ್ರಗಳಿಗೂ ಅಡ್ಡಿಯಿಲ್ಲ. ಈಗಿನ ಛಾಯಾಗ್ರಾಹಕರ ಚಿತ್ರವನ್ನು ಕೇಳದೆ ತೆಗೆದು, ಜಿಗ್ಸಾ ಮಾಡಿ ಊರಿಗೆಲ್ಲ ಹಂಚುವುದು ಮಾತ್ರ ಸರಿಯಲ್ಲ.

3. ಫೋಟೊವನ್ನು ಮೊಬೈಲಿನಿಂದ ಕಂಪ್ಯೂಟರಿಗೆ ತನ್ನಿ

ವಾಟ್ಸ್ಆ್ಯಪಿನಲ್ಲಿ ಎಂದಿನಂತೆ ಫೋಟೊ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಸಣ್ಣ ಜಿಗ್ಸಾಗೆ ಪರವಾಗಿಲ್ಲ. ಫೋಟೊದ ಒಂದು ಭಾಗವನ್ನಷ್ಟೇ ಕತ್ತರಿಸಿ ಬಳಸುವುದಾದರೆ, ಇಲ್ಲವೆ ಹಿಗ್ಗಿಸಿ ಜೋಡಿಸುವುದಾದರೆ ಮಸುಕು ಎದ್ದು ಕಾಣುತ್ತದೆ. ಅದೇ ವಾಟ್ಸ್ಆ್ಯಪಿನಲ್ಲಿ ಗ್ಯಾಲರಿಯ ಬದಲು ಡಾಕ್ಯುಮೆಂಟ್ ಆಯ್ಕೆಯಿಂದ ಕಳಿಸಿದರೆ ಫೋಟೊ ಇದ್ದ ಹಾಗೆಯೇ ತಲುಪುತ್ತದೆ. ಯುಎಸ್‌ಬಿ ಕೇಬಲ್ ಹಾಕುವವರು ಮೊಬೈಲಿನ ಪರದೆಯ ಮೇಲೆ 'ಫೈಲ್ ಟ್ರಾನ್ಸ್‌ಫರ್' ಎಂಬುದನ್ನು ಒತ್ತಬೇಕು. ಒತ್ತದಿದ್ದರೆ ಮೊಬೈಲ್ ಚಾರ್ಜ್ ಆಗುತ್ತದೆಯೇ ಹೊರತು ಫೋಟೊಗಳು ಕಾಣುವುದಿಲ್ಲ. ಐಫೋನಿನ ಫೋಟೊಗಳು 'ಹೀಕ್' ಎಂಬ ಬೇರೆ ನಮೂನೆಯಲ್ಲಿ ಇರಬಹುದು. ಜಿಗ್ಸಾ ತಂತ್ರಾಂಶ ಅದನ್ನು ಒಪ್ಪದಿದ್ದರೆ 'ಜೆಪೆಗ್' ನಮೂನೆಗೆ ಬದಲಾಯಿಸಿ ಹಾಕಿ.

4. ಎಲ್ಲಿ ಜೋಡಿಸಬೇಕು?

ಎರಡು ದಾರಿಗಳಿವೆ. ಒಂದು, ಏನನ್ನೂ ಇಳಿಸಿಕೊಳ್ಳದೆ ಬ್ರೌಸರಿನಲ್ಲೇ ಜೋಡಿಸುವುದು. ಇನ್ನೊಂದು, ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದು. ಹೊಸಬರಿಗೆ ಮೊದಲನೆಯದೇ ಮೇಲು.

ಬ್ರೌಸರಿನಲ್ಲಿ ಜಿಗ್ಸಾ ಪ್ಲಾನೆಟ್ ಸುಲಭ. ನಿಮ್ಮ ಫೋಟೊ ಹಾಕಿ, 4ರಿಂದ 300ರವರೆಗೆ ತುಣುಕಿನ ಸಂಖ್ಯೆ ಆರಿಸಿ, ತುಣುಕಿನ ಆಕಾರವನ್ನೂ ಗೊತ್ತುಮಾಡಬಹುದು. ಹಣ ಕೇಳುವುದಿಲ್ಲ, ಜಾಹೀರಾತು ಇರುತ್ತದೆ. ಜಿಗ್ಸಾ ಎಕ್ಸ್‌ಪ್ಲೋರರ್ ಇನ್ನೊಂದು. ಅದರಲ್ಲಿ ಪೂರ್ತಿ ಚಿತ್ರವನ್ನು ತೋರಿಸದೆಯೇ ತುಣುಕು ಕೊಡುವ ಗುಟ್ಟಿನ ಜಿಗ್ಸಾಗಳಿವೆ, ದೂರದಲ್ಲಿರುವ ಇಬ್ಬರು ಸೇರಿ ಜೋಡಿಸುವ ಸೌಲಭ್ಯವೂ ಇದೆ.

ಲಿನಕ್ಸ್ ಬಳಸುವವರಿಗೆ ಪಾಲಾಪೇಲಿ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. ಕೆಡಿಇ ಎಂಬ ತಂತ್ರಾಂಶಗಾರರ ಬಳಗದವರು ಮಾಡಿದ್ದು. ನಾನು ಕಂಡವುಗಳಲ್ಲಿ ಗಂಭೀರವಾಗಿ ಜೋಡಿಸುವವರಿಗೆ ಇದೇ ಉತ್ತಮ: ಜಾಹೀರಾತಿಲ್ಲ, ಇಂಟರ್ನೆಟ್ ಬೇಡ, ಫೋಟೊ ನಿಮ್ಮ ಕಂಪ್ಯೂಟರ್ ಬಿಟ್ಟು ಆಚೆ ಹೋಗುವುದಿಲ್ಲ, ಮೌಸಿನ ಚಕ್ರ ತಿರುಗಿಸಿ ಹಿಗ್ಗಿಸಬಹುದು, ಬಿಡಿ ತುಣುಕುಗಳನ್ನು ಬೇರೆ ಬೇರೆ ಕಿಟಕಿಗಳಲ್ಲಿ ವಿಂಗಡಿಸಿ ಇಡಬಹುದು. ಸಾವಿರ ತುಣುಕಿನ ಕೆಲಸಕ್ಕೆ ಈ ವಿಂಗಡಣೆ ಇಲ್ಲದೆ ಆಗುವುದಿಲ್ಲ. ವಿಂಡೋಸ್ ಇದ್ದವರು ಮೈಕ್ರೋಸಾಫ್ಟ್ ಸ್ಟೋರಿನಿಂದ ಮೈಕ್ರೋಸಾಫ್ಟ್ ಜಿಗ್ಸಾ ಹಾಕಿಕೊಳ್ಳಬಹುದು.

ಇಲ್ಲಿ ಎಚ್ಚರ ಬೇಕು. ಉಚಿತ ಜಿಗ್ಸಾ ಎಂದು ಹುಡುಕಿದರೆ ಬರುವ ಪುಟಗಳಲ್ಲಿ ಕಣ್ಣಿಗೆ ರಾಚುವ ಡೌನ್‌ಲೋಡ್ ಗುಂಡಿಗಳು ಅನೇಕ ಬಾರಿ ಜಾಹೀರಾತುಗಳೇ ಆಗಿರುತ್ತವೆ. ಬ್ರೌಸರಿನಲ್ಲಿ ಜೋಡಿಸಲು ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ ಎಂಬುದನ್ನು ನೆನಪಿಡಿ. 'ನೋಟಿಫಿಕೇಶನ್ ಕಳಿಸಲು ಅನುಮತಿ ಕೊಡಿ' ಎಂದು ಕೇಳಿದರೆ ಬೇಡವೆನ್ನಿ. ಒಪ್ಪಿದರೆ ಜಿಗ್ಸಾ ಮುಚ್ಚಿದ ಮೇಲೂ ಪರದೆಯ ಮೂಲೆಯಲ್ಲಿ ಜಾಹೀರಾತುಗಳು ಏಳುತ್ತಲೇ ಇರುತ್ತವೆ. ಬ್ರೌಸರಿಗೆ ಎಕ್ಸ್‌ಟೆನ್ಶನ್, ಅಂದರೆ ಅದಕ್ಕೆ ಸೇರಿಕೊಳ್ಳುವ ಹೆಚ್ಚುವರಿ ಕಿರುತಂತ್ರಾಂಶ, ಹಾಕಿಕೊಳ್ಳಿ ಎಂದರೂ ಒಪ್ಪಬೇಡಿ. ಮೊದಲ ವಾರ ಉಚಿತ ಎಂದು ಕಾರ್ಡ್ ಸಂಖ್ಯೆಯನ್ನೋ ಯುಪಿಐ ಆಟೋಪೇಯನ್ನೋ ಕೇಳುವ ಕಡೆಯಿಂದ ಎದ್ದುಬನ್ನಿ. ಹಿರಿಯರಿಗೆ ಹಾಕಿಕೊಡುವವರು ಒಂದೇ ಒಂದು ನಂಬಿಕೆಯ ಪುಟವನ್ನು ಬುಕ್‌ಮಾರ್ಕ್ ಮಾಡಿಕೊಟ್ಟು, ಅದನ್ನೇ ತೆರೆಯುವಂತೆ ಹೇಳುವುದು ಕ್ಷೇಮ.

5. ಶುರು ಮಾಡುವ ಮುನ್ನ ಸಜ್ಜುಗೊಳಿಸಿ

ಎಫ್11 ಕೀ ಒತ್ತಿ, ಬ್ರೌಸರ್ ಪರದೆಯ ತುಂಬ ಹರಡುತ್ತದೆ. ಮತ್ತೆ ಒತ್ತಿದರೆ ಮೊದಲಿನಂತಾಗುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಕೀಯನ್ನೂ ಜೊತೆಗೆ ಒತ್ತಬೇಕು.

'ರೊಟೇಶನ್' ಆಯ್ಕೆ ಮುಚ್ಚಿರಲಿ. ಅದು ತೆರೆದಿದ್ದರೆ ತುಣುಕುಗಳು ಅಡ್ಡಡ್ಡ, ತಲೆಕೆಳಗೆ ಬರುತ್ತವೆ. ಪ್ರತಿ ತುಣುಕಿಗೂ ನಾಲ್ಕು ದಿಕ್ಕುಗಳ ಪ್ರಶ್ನೆ ಸೇರಿಕೊಳ್ಳುತ್ತದೆ. ನೂರು ತುಣುಕು ಕೈಗೆ ಹಗುರವಾದ ಮೇಲೆ ಇದನ್ನು ತೆರೆಯಿರಿ. ಸಂಖ್ಯೆ ಹೆಚ್ಚಿಸುವುದಕ್ಕಿಂತ ಇದು ಚೆನ್ನಾದ ಸವಾಲು, ತುಣುಕು ಕಿರಿದಾಗದೆಯೇ ಕಷ್ಟ ಹೆಚ್ಚುತ್ತದೆ.

'ಘೋಸ್ಟ್' ಎಂಬ ಆಯ್ಕೆ ಮೇಜಿನ ಮೇಲೆ ಚಿತ್ರದ ಮಸುಕು ನೆರಳನ್ನು ತೋರಿಸುತ್ತದೆ. ಇದನ್ನು ಬಳಸಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ನೆರಳಿನ ಮೇಲೆ ತುಣುಕು ಇಡುತ್ತಾ ಹೋದರೆ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ. ತೀರಾ ಚಿಕ್ಕ ಮಕ್ಕಳಿಗೆ ಮಾತ್ರ ಅದು ಇರಲಿ. ಪೂರ್ತಿ ಚಿತ್ರವನ್ನು ಮೂಲೆಯಲ್ಲಿ ಚಿಕ್ಕದಾಗಿ ಇಟ್ಟುಕೊಳ್ಳುವುದು ಬೇರೆ ಮಾತು. ರಟ್ಟಿನ ಜಿಗ್ಸಾದ ಪೆಟ್ಟಿಗೆಯ ಮುಚ್ಚಳದಲ್ಲೂ ಚಿತ್ರ ಇರುತ್ತದಲ್ಲ. ಸಮಯ ತೋರಿಸುವ ಗಡಿಯಾರವನ್ನು ಮರೆಮಾಡಲು ಬಂದರೆ ಮರೆಮಾಡಿ. ಇದು ಓಟದ ಪಂದ್ಯವಲ್ಲ.

ಹಿನ್ನೆಲೆಯ ಬಣ್ಣ ಬದಲಿಸಲು ಅವಕಾಶವಿದ್ದರೆ ಚಿತ್ರದಲ್ಲಿ ಇಲ್ಲದ, ಮಂಕಾದ ಬಣ್ಣ ಆರಿಸಿ. ಹೂವಿನ ಚಿತ್ರಕ್ಕೆ ಬೂದು ಚೆನ್ನ. ಅಪ್ಪಟ ಬಿಳಿಯ ಮುಂದೆ ಬಹಳ ಹೊತ್ತು ಕೂತರೆ ಕಣ್ಣು ದಣಿಯುತ್ತದೆ.

6. ಕೈಗೆ, ಕಣ್ಣಿಗೆ

ಬೆರಳು ನೋವಿರುವವರಿಗೆ ಮೌಸಿನ ಗುಂಡಿಯನ್ನು ಒತ್ತಿ ಹಿಡಿದೇ ಎಳೆಯುವುದು ಕಷ್ಟ. ವಿಂಡೋಸಿನಲ್ಲಿ ಇದಕ್ಕೆ 'ಕ್ಲಿಕ್‌ಲಾಕ್' ಎಂಬ ಪರಿಹಾರವಿದೆ. ಕಂಟ್ರೋಲ್ ಪ್ಯಾನೆಲಿನಲ್ಲಿ ಮೌಸ್ ತೆರೆದು, ಮೊದಲ ಪುಟದ ಕೆಳಭಾಗದಲ್ಲಿರುವ ಕ್ಲಿಕ್‌ಲಾಕಿಗೆ ಗುರುತು ಹಾಕಿ. ಆಮೇಲೆ ತುಣುಕಿನ ಮೇಲೆ ಗುಂಡಿಯನ್ನು ಒಂದು ಕ್ಷಣ ಒತ್ತಿ ಬಿಟ್ಟರೆ ತುಣುಕು ಅಂಟಿಕೊಳ್ಳುತ್ತದೆ, ಕೈ ಸಡಿಲವಾಗಿಯೇ ಮೌಸ್ ಸರಿಸಿ, ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಇದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಕಣ್ಣಿನ ವಿಷಯಕ್ಕೆ ವೈದ್ಯರು ಹೇಳುವ ಸುಲಭ ನಿಯಮ ಇದೆ: 20 ನಿಮಿಷಕ್ಕೊಮ್ಮೆ, 20 ಸೆಕೆಂಡ್, 20 ಅಡಿ ದೂರದ ವಸ್ತುವನ್ನು ನೋಡಿ. ಜಿಗ್ಸಾದ ಮುಂದೆ ಕೂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲವಾದ್ದರಿಂದ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

7. ಜೋಡಿಸುವ ಕ್ರಮ

ತುಣುಕಿನ ಹೊರಚಾಚಿದ ಭಾಗವನ್ನು ಉಬ್ಬು ಎಂದೂ ಒಳಸರಿದ ಭಾಗವನ್ನು ತಗ್ಗು ಎಂದೂ ಕರೆಯೋಣ. ನೇರ ಅಂಚು ಇರುವವು ಚೌಕಟ್ಟಿನ ತುಣುಕುಗಳು. ಮೊದಲು ಅವನ್ನು ಹೆಕ್ಕಿ ಬದಿಗೆ ತನ್ನಿ. ಎಷ್ಟು ಹೆಕ್ಕಬೇಕು ಎಂದು ಮೊದಲೇ ಗೊತ್ತಿದ್ದರೆ ಹುಡುಕಾಟ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತದೆ. ಅಡ್ಡಸಾಲಿನ ತುಣುಕು, ಉದ್ದಸಾಲಿನ ತುಣುಕು ಕೂಡಿಸಿ, ಎರಡರಿಂದ ಗುಣಿಸಿ, ನಾಲ್ಕು ಕಳೆಯಿರಿ. 12 ಅಡ್ಡ 8ರ, ಅಂದರೆ 96 ತುಣುಕಿನ ಜಿಗ್ಸಾದಲ್ಲಿ 36 ತುಣುಕು ಚೌಕಟ್ಟಿನವು. 20 ಅಡ್ಡ 15ರ 300 ತುಣುಕಿನದರಲ್ಲಿ 66. 40 ಅಡ್ಡ 25ರ ಸಾವಿರದಲ್ಲಿ 126 ಮಾತ್ರ. ಸಣ್ಣ ಜಿಗ್ಸಾದಲ್ಲಿ ಚೌಕಟ್ಟು ಮುಗಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ದೊಡ್ಡದರಲ್ಲಿ ಅದು ಬರೀ ಆರಂಭ.

ಚೌಕಟ್ಟಿನ ಬಳಿಕ ಬಣ್ಣದ ಪ್ರಕಾರ ವಿಂಗಡಿಸಿ. ಪರದೆಯ ನಾಲ್ಕು ಬದಿಗಳಿಗೆ ನಾಲ್ಕು ಗುಂಪುಗಳಿರಲಿ. ತುಣುಕಿನ ಮೇಲೆ ತುಣುಕು ಕೂರದಂತೆ ನೋಡಿಕೊಳ್ಳಿ. ಕೊನೆಗೆ ಒಂದು ತುಣುಕು ಕಳೆದುಹೋಯಿತು ಎಂದು ಗಾಬರಿಯಾಗುವವರ ತುಣುಕು ಇನ್ನೊಂದರ ಕೆಳಗೇ ಇರುತ್ತದೆ.

ಗೊಂಬೆಯ ಫೋಟೊವನ್ನೇ ಹತ್ತಿರದಿಂದ ನೋಡೋಣ. ನಿಮ್ಮ ಕೈಯಲ್ಲಿ ಕೆಂಪು ರೇಷ್ಮೆಯ ಒಂದು ತುಣುಕು ಇದೆ. ಕೆಂಪು ಬಟ್ಟೆ ಪಟ್ಟದ ರಾಣಿಯದೂ ಇರಬಹುದು, ಕೆಳಗಿನ ಲಕ್ಷ್ಮಿಯದೂ ಇರಬಹುದು. ಬಣ್ಣದಿಂದ ತೀರ್ಮಾನವಾಗುವುದಿಲ್ಲ. ತುಣುಕಿನ ಅಂಚಿನಲ್ಲಿ ಬಟ್ಟೆ ಮುಗಿದು ಏನು ಶುರುವಾಗುತ್ತದೆ ನೋಡಿ. ಅಲ್ಲಿ ಮರದ ಕಂದು ಬೆರಳೊಂದು ಇಣುಕುತ್ತಿದ್ದರೆ ಅದು ಪಟ್ಟದ ಗೊಂಬೆ, ಏಕೆಂದರೆ ಲಕ್ಷ್ಮಿ ಬಣ್ಣ ಬಳಿದ ಮಣ್ಣಿನವಳು. ಇನ್ನು ನೆರಳು. ದೀಪ ಬಲಕ್ಕಿದ್ದರೆ ಗೊಂಬೆಯ ನೆರಳು ಎಡಕ್ಕೆ ಬೀಳುತ್ತದೆ. ಬಿಳಿ ಬಟ್ಟೆಯ ತುಣುಕಿನಲ್ಲಿ ಬಲ ಅಂಚಿಗೆ ಮಾತ್ರ ಬೂದು ಛಾಯೆ ಇದ್ದರೆ ಅದರ ಬಲಪಕ್ಕದಲ್ಲಿ ಗೊಂಬೆಯೊಂದು ನಿಂತಿದೆ ಎಂದರ್ಥ. ಗುರುತೇ ಇಲ್ಲ ಎನಿಸುವ ತುಣುಕುಗಳಿಗೂ ಹೀಗೆ ವಿಳಾಸ ಸಿಗುತ್ತದೆ.

ಬಣ್ಣ ಮುಗಿದ ಮೇಲೆ ಆಕಾರ. ಉಳಿದವು ಒಂದೇ ಬಣ್ಣದವಾದರೆ ಎದುರು ಬದುರು ಎರಡು ಉಬ್ಬು ಇರುವವು, ಮೂರು ಉಬ್ಬು ಒಂದು ತಗ್ಗು ಇರುವವು ಎಂದು ಬೇರೆ ಮಾಡಿ, ಖಾಲಿ ಜಾಗ ಯಾವ ಬಗೆಯದು ಎಂದು ನೋಡಿ ಅದಕ್ಕೆ ತಕ್ಕವುಗಳನ್ನೇ ತಾಗಿಸಿ.

ಇನ್ನೊಂದು ವಿಷಯ. ರಟ್ಟಿನಲ್ಲಿ ತಪ್ಪು ತುಣುಕೂ ಒಮ್ಮೊಮ್ಮೆ ಕೂತುಬಿಡುತ್ತದೆ. ಕಂಪ್ಯೂಟರಿನಲ್ಲಿ ಸರಿಯಾದದ್ದು ಮಾತ್ರ ಅಂಟಿಕೊಳ್ಳುತ್ತದೆ. ಸರಿಯಾದ ತುಣುಕೇ ಅಂಟದಿದ್ದರೆ ಸ್ವಲ್ಪ ದೂರದಲ್ಲಿ ಬಿಟ್ಟಿದ್ದೀರಿ, ಇನ್ನೂ ಹತ್ತಿರ ತಂದು ಬಿಡಿ. ಈ ಅನುಕೂಲವನ್ನೇ ನೆಚ್ಚಿಕೊಂಡು ಎಲ್ಲ ತುಣುಕುಗಳನ್ನೂ ಸಾಲಾಗಿ ತಾಗಿಸುತ್ತಾ ಹೋಗಬೇಡಿ. ಜಿಗ್ಸಾ ಮುಗಿಯುತ್ತದೆ, ಆದರೆ ನೋಡುವ ಸುಖ ಸಿಗುವುದಿಲ್ಲ.

8. ಉಳಿಸುವುದು, ಹಂಚುವುದು

ಒಂದೇ ಸಲ ಕೂತು ಮುಗಿಸಬೇಕೆಂದಿಲ್ಲ. ಪಾಲಾಪೇಲಿ ನೀವು ಜೋಡಿಸಿದಷ್ಟನ್ನು ತಾನಾಗಿಯೇ ಉಳಿಸುತ್ತದೆ. ಬ್ರೌಸರಿನಲ್ಲಿ ಹುಷಾರಾಗಿರಬೇಕು. ಖಾತೆ ತೆರೆಯದೆ ಜೋಡಿಸುವಾಗ ನಿಮ್ಮ ಪ್ರಗತಿ ಆ ಬ್ರೌಸರಿನ ನೆನಪಿನಲ್ಲಿ ಮಾತ್ರ ಇರುವುದುಂಟು. ಬ್ರೌಸರಿನ ಕುಕಿ ಮತ್ತಿತರ ಮಾಹಿತಿ ಅಳಿಸಿದರೆ, ಇಲ್ಲವೆ 'ಇನ್‌ಕಾಗ್ನಿಟೊ' ಎಂಬ ಗುಪ್ತ ಕಿಟಕಿಯಲ್ಲಿ ತೆರೆದಿದ್ದರೆ, ಅದು ಹೋದಂತೆಯೇ. ಬೇರೆ ಕಂಪ್ಯೂಟರಿನಲ್ಲಿಯೂ ಸಿಗುವುದಿಲ್ಲ. ದೊಡ್ಡದನ್ನು ಕೈಗೆತ್ತಿಕೊಳ್ಳುವ ಮುಂಚೆ ನಾಲ್ಕು ತುಣುಕು ಜೋಡಿಸಿ, ಕಿಟಕಿ ಮುಚ್ಚಿ, ಮತ್ತೆ ತೆರೆದು ಉಳಿದಿದೆಯೇ ಎಂದು ಪರೀಕ್ಷಿಸಿ.

ನೀವು ಮಾಡಿದ ಜಿಗ್ಸಾದ ಕೊಂಡಿಯನ್ನು ನೆಂಟರಿಗೆ ಕಳಿಸಬಹುದು. ಆದರೆ ಬ್ರೌಸರಿನ ಜಿಗ್ಸಾಗೆ ಹಾಕಿದ ಫೋಟೊ ನಿಮ್ಮ ಮನೆಯಾಚೆಗೆ ಹೋಗುತ್ತದೆ, ಅಪರಿಚಿತರಿಗೂ ಕಾಣಬಹುದು. ಮಕ್ಕಳ ಮುಖ, ಮನೆಯ ಹೆಸರು ಫಲಕ, ವಾಹನದ ಸಂಖ್ಯೆ ಇರುವ ಫೋಟೊ ಬೇಡ. ಮೊಬೈಲಿನ ಫೋಟೊದೊಳಗೆ ತೆಗೆದ ಸ್ಥಳದ ವಿವರವೂ ಅಡಗಿರಬಹುದು. ವಿಂಡೋಸಿನಲ್ಲಿ ಫೋಟೊದ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್' ತೆರೆದು, 'ಡೀಟೇಲ್ಸ್' ಪುಟದ ಕೆಳಗಿರುವ ಸಾಲನ್ನು ಒತ್ತಿದರೆ ಅದನ್ನು ತೆಗೆದುಹಾಕಬಹುದು.

ಅಮೆರಿಕದಲ್ಲಿರುವ ಮಗಳ ಜೊತೆ ಸೇರಿ ಜೋಡಿಸುವ ಆಸೆ ಇದ್ದರೆ ಜಿಗ್ಸಾ ಎಕ್ಸ್‌ಪ್ಲೋರರಿನ ಜೊತೆಯಾಟ ಬಳಸಿ. ನಮ್ಮ ಸಂಜೆ ಅವರಿಗೆ ಬೆಳಗು, ವಾರಾಂತ್ಯದಲ್ಲಿ ಇಬ್ಬರಿಗೂ ಅನುಕೂಲ. ಫೋನಿನಲ್ಲಿ ಮಾತಾಡುತ್ತಾ, 'ಮೇಲಿನ ಮೆಟ್ಟಿಲು ನಿನ್ನದು, ಕೆಳಗಿನವು ನಮ್ಮದು' ಎಂದು ಮೊದಲೇ ಹಂಚಿಕೊಂಡರೆ ಒಬ್ಬರು ಹುಡುಕಿಟ್ಟ ತುಣುಕನ್ನು ಇನ್ನೊಬ್ಬರು ಎಳೆದುಕೊಂಡು ಹೋಗುವ ಗೊಂದಲ ಇರುವುದಿಲ್ಲ.